ಮೂರನೆಯ ಸಲ ಕೇಳಬೇಕಿತ್ತು

ಜಾವಾದ ಕ್ಲಾತೆನ್ ಸುತ್ತಮುತ್ತ ಮದುಮಗಳ ಹಣೆಗೆ ಕಪ್ಪು ಬರೆಯುವ ಹೆಂಗಸರು ಬೇಕಾದಷ್ಟು ಜನ ಇದ್ದಾರೆ. ಆದರೂ ಮದುವೆ ಗೊತ್ತಾದ ಮನೆಯವರು ಮೊದಲು ಬಂದು ನಿಲ್ಲುವುದು ಬು ವಾರ್ಸಿಯ ಬಾಗಿಲಲ್ಲಿ. ಬು ಎಂದರೆ ಅಮ್ಮ. ಊರಿಗೆಲ್ಲ ಅವಳು ಅಮ್ಮನೇ, ಆದರೆ ಬೈಯುವ ಅಮ್ಮ. ಸಿಟ್ಟು ಅವಳ ಮೂಗಿನ ತುದಿಯಲ್ಲೇ ಕೂತಿರುತ್ತದೆ, ಕೈ ಮಾತ್ರ ಒಂದಿಷ್ಟೂ ನಡುಗುವುದಿಲ್ಲ. ಹಣೆಯ ಅಂಚಿನಲ್ಲಿ ಕಪ್ಪು ಎಸಳುಗಳನ್ನು ತಿದ್ದುವಾಗ ಮದುಮಗಳು ಸ್ವಲ್ಪ ಮಿಸುಕಿದರೂ ಸಾಕು, "ಅಲ್ಲಾಡ್ಬೇಡ್ವೇ! ನಿನ್ನ ಗಂಡ ಎಲ್ಲೂ ಓಡಿ ಹೋಗಲ್ಲ, ಊಟ ಮುಗಿಯೋ ತನಕ ಅಂತೂ ಹೋಗಲ್ಲ" ಎಂದು ಗದರುತ್ತಾಳೆ. ಸುತ್ತ ಇದ್ದ ಹೆಂಗಸರು ನಗುತ್ತಾರೆ, ಮದುಮಗಳೂ ನಗುತ್ತಾಳೆ, ನಕ್ಕಿದ್ದಕ್ಕೆ ಮತ್ತೊಮ್ಮೆ ಬೈಸಿಕೊಳ್ಳುತ್ತಾಳೆ.

ಆ ಕೈ ಹದಗೊಂಡದ್ದು ಕುಂಚದಿಂದಲ್ಲ, ಬಿಲ್ಲಿನಿಂದ. ಹುಡುಗಿಯಾಗಿದ್ದಾಗ ಅವಳು ಸುರಬಾಯದ ತನಕ ಪಂದ್ಯಗಳಿಗೆ ಹೋಗಿ ಬಂದವಳು. ಮದುವೆಯಾಯಿತು, ಮಕ್ಕಳಾದವು, ಬಿಲ್ಲು ಅಟ್ಟ ಸೇರಿತು. ಲಾರಿ ಓಡಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ ಅದನ್ನು ಅಟ್ಟದಿಂದ ಇಳಿಸಿ, ಹಳೆಯ ಸಕ್ಕರೆ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಒಣಹುಲ್ಲಿನ ಗುರಿ ನೆಟ್ಟು, ಸಂಜೆ ಹೊತ್ತು ಒಬ್ಬಳೇ ಬಾಣ ಬಿಡತೊಡಗಿದಳು. ದುಃಖ ಮರೆಯುವುದಕ್ಕೆ ಎಂದು ಜನ ಹೇಳಿದರು. "ದುಃಖ ಅಲ್ಲ, ಸಿಟ್ಟು. ಅಷ್ಟು ಬೇಗ ಹೋಗು ಅಂತ ಅವನಿಗೆ ಯಾರು ಹೇಳಿದ್ದು?" ಎಂದಳು ಅವಳು. ನೋಡಲು ಬಂದ ಮಕ್ಕಳು ಕಲಿಯಲು ನಿಂತರು. ಹಾಗೆ ಅಲ್ಲೊಂದು ಬಿಲ್ಲಿನ ಕೂಟ ಹುಟ್ಟಿಕೊಂಡಿತು.

ಅವಳನ್ನು ಮದುವೆಗೆ ಕರೆಯಲು ಬರುವ ರೀತಿಯೇ ಒಂದು ಚಂದ. "ನಮ್ಮ ಹುಡುಗಿಗೆ ನೀವೇ ಕೈ ಹಚ್ಚಬೇಕು ಬು" ಎಂದು ಬಂದವರು ಕೇಳುತ್ತಾರೆ. "ಅಯ್ಯೋ, ನನ್ನ ಕೈಲೇನಾಗುತ್ತೆ? ನನಗಿಂತ ತಿಳಿದೋರು ಎಷ್ಟು ಜನ ಇದಾರೆ" ಎನ್ನುತ್ತಾಳೆ ಇವಳು. ಎರಡನೆಯ ಸಲ ಕೇಳುತ್ತಾರೆ. "ವಯಸ್ಸಾಯ್ತು, ಕಣ್ಣು ಸರಿಯಾಗಿ ಕಾಣ್ಸಲ್ಲ" ಎನ್ನುತ್ತಾಳೆ. ಹಸಿ ಸುಳ್ಳು, ಕತ್ತಲಲ್ಲಿ ಸೂಜಿಗೆ ದಾರ ಪೋಣಿಸುವ ಕಣ್ಣು ಅದು. ಮೂರನೆಯ ಸಲ ಕೇಳಿದಾಗ, "ಮದುವೆ ಯಾವತ್ತು?" ಎನ್ನುತ್ತಾಳೆ. ಜಾವಾದಲ್ಲಿ ಒಪ್ಪಿಗೆ ಎನ್ನುವುದು ಹೀಗೆ ಮೂರು ಮೆಟ್ಟಿಲು ಹತ್ತಿಯೇ ಬರಬೇಕು. ಮೊದಲ ಮಾತಿಗೇ ಹೂಂ ಎಂದವನನ್ನು ಕಂಡರೆ, ಪಾಪ, ಎಷ್ಟು ದಿನದಿಂದ ಹಸಿದಿದ್ದನೋ ಎನ್ನುತ್ತಾರೆ. ಇದು ಕೇಳುವವನಿಗೂ ಗೊತ್ತು, ಕೇಳಿಸಿಕೊಳ್ಳುವವನಿಗೂ ಗೊತ್ತು. ಬಯಲಿಗೆ ಬಂದ ಮಕ್ಕಳಿಗೆ ಬಾಣ ಹಿಡಿಯುವುದಕ್ಕೂ ಮೊದಲು ಬು ವಾರ್ಸಿ ಕಲಿಸುತ್ತಿದ್ದದ್ದು ಇದನ್ನೇ. ದೊಡ್ಡವರು ಏನಾದರೂ ಕೊಟ್ಟರೆ ಗಬಕ್ಕನೆ ಕೈ ಚಾಚಬಾರದು, ಎರಡು ಸಲ ಬೇಡ ಎನ್ನಬೇಕು, ಮೂರನೆಯ ಸಲ ತಲೆ ಬಗ್ಗಿಸಿ ತೆಗೆದುಕೊಳ್ಳಬೇಕು.

ಆ ಮಕ್ಕಳಲ್ಲಿ ಬಿಲ್ಲನ್ನೂ ಈ ಮಾತನ್ನೂ ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಕಿನಾಸಿಹ್. ಅವಳ ತಾಯಿ ಸೋಯಾ ಕಾಳು ಬೇಯಿಸಿ, ಹುದುಗಿಸಿ, ಬಾಳೆ ಎಲೆಯಲ್ಲಿ ಸುತ್ತಿದ ತೆಂಪೆಯನ್ನು ಸಂತೆಯಲ್ಲಿ ಮಾರುತ್ತಾಳೆ. ಸಣ್ಣ ದನಿಯ ಹುಡುಗಿ. ಹಿರಿಯರ ಎದುರು ಹಾಯುವಾಗ ಬೆನ್ನು ಬಗ್ಗಿಸಿಕೊಂಡೇ ಹೋಗುವವಳು. ಆದರೆ ಬಿಲ್ಲು ಎಳೆದು ನಿಂತಾಗ ಅವಳ ಮುಖದಲ್ಲಿ ಯಾರಿಗೂ ಬಗ್ಗದ ಏನೋ ಒಂದು ಕಾಣುತ್ತಿತ್ತು. ಆ ವರ್ಷ ಹನೋಯ್‌ನಲ್ಲಿ ನಡೆಯುವ ಕ್ರೀಡಾಕೂಟಕ್ಕೆ ದೇಶದ ಪರವಾಗಿ ಹೋಗಬೇಕಾದ ಮೂವರು ಹೆಣ್ಣುಮಕ್ಕಳನ್ನು ಆರಿಸಲು ಸೋಲೊದಲ್ಲಿ ಪರೀಕ್ಷೆ ನಡೆಯಿತು. ಕಿನಾಸಿಹ್ ಎರಡನೆಯವಳಾಗಿ ಬಂದಳು. ಅಂಕಗಳನ್ನು ಎಲ್ಲೂ ತೂಗುಹಾಕಲಿಲ್ಲ, ನಿಜ. ಆದರೆ ಪ್ರತಿ ಬಾಣ ನೆಟ್ಟಾಗಲೂ ಗುರಿಯ ಹತ್ತಿರ ನಿಂತವನು ಕೂಗಿ ಹೇಳುತ್ತಿದ್ದ. ಅಲ್ಲಿದ್ದ ಹುಡುಗಿಯರೆಲ್ಲ ಮನಸ್ಸಿನಲ್ಲೇ ಕೂಡಿಕೊಂಡು, ಯಾರು ಎಲ್ಲಿದ್ದಾರೆಂದು ತಿಳಿದುಕೊಂಡಿದ್ದರು. ಲಾರಾಸ್ ಎಂಬ ಹುಡುಗಿ ನಾಲ್ಕನೆಯವಳು. ಅವಳು ಬಿಲ್ಲುಗಾರರ ಸಂಘದ ಅಧ್ಯಕ್ಷ ಪಾಕ್ ವಿರ್ಯಾವನ್‌ನ ಹೆಂಡತಿಯ ತಂಗಿಯ ಮಗಳು, ಬೆಳೆದದ್ದು ಜಕಾರ್ತದಲ್ಲಿ. ಬು ಎಂದರೆ ಅಮ್ಮ ಆದ ಹಾಗೆ ಪಾಕ್ ಎಂದರೆ ಅಪ್ಪ.

ಪರೀಕ್ಷೆ ಮುಗಿದ ಸಂಜೆ ಊಟವಿತ್ತು. ಬು ವಾರ್ಸಿ ಅಲ್ಲಿರಲಿಲ್ಲ. ಬೊಯೊಲಾಲಿಯಲ್ಲಿ ಒಬ್ಬ ಮದುಮಗಳ ಹಣೆ ಅವಳಿಗಾಗಿ ಕಾದಿತ್ತು. ಅವಳು ಇದ್ದಿದ್ದರೆ ಈ ಕಥೆಯೇ ಆಗುತ್ತಿರಲಿಲ್ಲ. ತೆಂಗಿನಹಾಲಿನ ಅನ್ನದ ಎಲೆಗಳ ನಡುವೆ ಪಾಕ್ ವಿರ್ಯಾವನ್ ಮೈಕು ಹಿಡಿದು ಸುತ್ತಾಡುತ್ತ, ನಗುನಗುತ್ತ ಬಂದು ಕಿನಾಸಿಹ್‌ಳ ಮುಂದೆ ನಿಂತ.

"ಏನಮ್ಮಾ, ಹನೋಯ್‌ಗೆ ಹೋಗೋಕೆ ಸಿದ್ಧಾನಾ?"

ಕಿನಾಸಿಹ್ ಎದ್ದು, ಎರಡೂ ಕೈ ಮುಂದೆ ಕಟ್ಟಿ, ತಲೆ ತಗ್ಗಿಸಿ, ಕಲಿತ ಹಾಗೆಯೇ ಹೇಳಿದಳು. "ನಾನಿನ್ನೂ ಕಲಿಯೋಳು ಪಾಕ್. ನನಗಿಂತ ಚೆನ್ನಾಗಿ ಬಿಡೋರು ತುಂಬ ಜನ ಇದಾರೆ."

"ಆಹಾ!" ಎಂದ ಪಾಕ್ ವಿರ್ಯಾವನ್. "ಎಷ್ಟು ದೊಡ್ಡ ಮನಸ್ಸು! ಕೇಳಿದ್ರಾ? ಎಲ್ಲಾರೂ ಚಪ್ಪಾಳೆ ತಟ್ಟಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಮುಂದಿನ ಮೇಜಿಗೆ ಹೋಗಿ ಲಾರಾಸ್‌ಳನ್ನು ಕೇಳಿದ. ಜಕಾರ್ತದ ಹುಡುಗಿ, "ಸಿದ್ಧ ಪಾಕ್!" ಎಂದು ಸೈನಿಕರ ಹಾಗೆ ಕೂಗಿದಳು. ಮತ್ತೊಮ್ಮೆ ಚಪ್ಪಾಳೆ ಬಿತ್ತು.

ಮರುದಿನ ಸಂಜೆ ಬಯಲಿನಲ್ಲಿ ಕಿನಾಸಿಹ್ ಇದನ್ನೆಲ್ಲ ಹೇಳಿದಾಗ ಬು ವಾರ್ಸಿ ಬಿಲ್ಲಿಗೆ ನಾರಿ ಕಟ್ಟುತ್ತಿದ್ದಳು.

"ಆಮೇಲೆ?"

"ಆಮೇಲೆ ಏನೂ ಇಲ್ಲ ಬು. ಊಟ ಮಾಡಿದ್ವಿ. ಬಸ್ ಹತ್ತಿದ್ವಿ."

"ಎರಡನೇ ಸಲ ಕೇಳ್ಳಿಲ್ವಾ?"

"ಇನ್ನೂ ಕೇಳಿಲ್ಲ" ಎಂದಳು ಹುಡುಗಿ. "ಅಲ್ಲಿ ತುಂಬ ಜನ ಇದ್ರು. ಮನೆಗೆ ಫೋನ್ ಮಾಡಿ ಕೇಳ್ತಾರೇನೋ."

ಆ "ಇನ್ನೂ" ಎಂಬ ಮಾತು ಬು ವಾರ್ಸಿಯ ಎದೆಗೆ ನಾಟಿತು. ಫೋನು ಬರಲಿಲ್ಲ. ಎರಡು ದಿನ ಬಿಟ್ಟು ಪತ್ರಿಕೆಯಲ್ಲಿ ಸುದ್ದಿ ಬಂತು. ಹನೋಯ್‌ಗೆ ಹೋಗುವ ಮೂವರಲ್ಲಿ ಲಾರಾಸ್ ಒಬ್ಬಳು. ಕ್ಲಾತೆನ್‌ನ ಕಿನಾಸಿಹ್ ತಾನಾಗಿಯೇ ಹಿಂದೆ ಸರಿದು ಸ್ಥಾನ ಬಿಟ್ಟುಕೊಟ್ಟಿದ್ದಾಳೆ. ಇಂಥ ವಿನಯ ಇಂದಿನ ಯುವಜನಕ್ಕೆ ಮಾದರಿ ಎಂದು ಅಧ್ಯಕ್ಷರು ಕೊಂಡಾಡಿದ್ದಾರೆ.

ಕಳ್ಳತನ ಮಾಡಿದವನು ಕಳ್ಳ ಎನಿಸಿಕೊಂಡರೆ ಅದು ಒಂದು ಥರ. ಕಳ್ಳತನ ಮಾಡಿ, ಕಳೆದುಕೊಂಡವಳ ಕೊರಳಿಗೆ ದಾನಶೂರೆ ಎಂದು ಹಾರ ಹಾಕಿದವನನ್ನು ಏನೆನ್ನಬೇಕು? ಊರಿನವರಂತೂ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಹಳ್ಳಿಯ ಮುಖ್ಯಸ್ಥ ಮನೆಗೇ ಬಂದು ಹುಡುಗಿಯ ತಲೆ ಸವರಿ ಹೋದ. ಮಸೀದಿಯಲ್ಲಿ ಅವಳ ಹೆಸರು ಹೇಳಿ, ಬಿಟ್ಟುಕೊಡುವುದರಲ್ಲಿ ಎಂಥ ಪುಣ್ಯವಿದೆ ಎಂದು ಪ್ರವಚನ ಆಯಿತು. ಸಂತೆಯಲ್ಲಿ ತಾಯಿಯ ತೆಂಪೆ ಮಧ್ಯಾಹ್ನದೊಳಗೆ ಮುಗಿದುಹೋಗತೊಡಗಿತು. ಕಿನಾಸಿಹ್ ಎಲ್ಲರಿಗೂ ತಲೆ ಬಗ್ಗಿಸಿ ನಗುತ್ತಿದ್ದಳು. ಸಂಜೆ ಬಯಲಿಗೆ ಬಂದು ಬಾಣ ಬಿಡುತ್ತಿದ್ದಳು. ಒಂದೂ ಗುರಿಗೆ ತಾಕುತ್ತಿರಲಿಲ್ಲ.

ಬು ವಾರ್ಸಿ ಹುಡುಗಿಯ ತಾಯಿಯ ಹತ್ತಿರ ಹೋದಳು. ತಾಯಿ ಬೇಯಿಸಿದ ಕಾಳು ಬಸಿಯುತ್ತಿದ್ದಳು.

"ಬಿಟ್ಬಿಡಿ ಬು" ಎಂದಳು ಆಕೆ. "ಜನ ಇಷ್ಟು ಹೊಗಳ್ತಿದಾರೆ. ಈಗ ಹೋಗಿ, ಇಲ್ಲ ನಮ್ಮ ಹುಡುಗಿಗೆ ಆಸೆ ಇತ್ತು ಅಂದ್ರೆ ಮುಖ ಎಲ್ಲಿ ಇಟ್ಕೊಳ್ಳೋದು?"

"ಆಸೆ ಇತ್ತೋ ಇಲ್ವೋ?"

ತಾಯಿ ಕಾಳು ಬಸಿದಳು. ಹೆಗಲ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡು, "ಹಬೆ ಬು, ಹಬೆ" ಎಂದಳು.

ಬು ವಾರ್ಸಿಗೆ ಕಡುಸಿಟ್ಟು ಬಂತು. ಅದರಲ್ಲಿ ಅರ್ಧ ತನ್ನ ಮೇಲೆಯೇ. ಹುಡುಗಿ ಹೇಳಿದ ಮಾತನ್ನು ಅಕ್ಷರ ಅಕ್ಷರ ಕಲಿಸಿದವಳು ತಾನೇ ಅಲ್ಲವೇ? ಆದರೆ ಕಲಿಸಿದ್ದು ತಪ್ಪಲ್ಲ. ತಪ್ಪು ಎನ್ನುವವರ ಹಲ್ಲು ಉದುರಿಸಿಯಾಳು ಅವಳು. ಎರಡು ಸಲ ಬೇಡ ಎನ್ನುವವಳ ಎದುರಿಗೆ ಮೂರು ಸಲ ಕೇಳುವವನಿದ್ದಾನೆ ಎಂಬ ನಂಬಿಕೆಯ ಮೇಲೆ ನಿಂತ ಮಾತು ಅದು. ನಂಬಿಕೆ ಮುರಿದವನನ್ನು ಬಿಟ್ಟು ನಂಬಿದವಳನ್ನು ದಡ್ಡಿ ಎನ್ನಲು ಅವಳ ನಾಲಿಗೆ ತಿರುಗಲಿಲ್ಲ. ಮಾರನೆಯ ದಿನವೇ ಮದುವೆಮನೆಗಳಿಗೆಂದು ಇಟ್ಟಿದ್ದ ಒಳ್ಳೆಯ ಕಬಾಯ ಕುಪ್ಪಸ ತೊಟ್ಟು ಸೋಲೊದ ಬಸ್ಸು ಹತ್ತಿದಳು.

ಪಾಕ್ ವಿರ್ಯಾವನ್ ಅವಳನ್ನು ಚೆನ್ನಾಗಿಯೇ ಬರಮಾಡಿಕೊಂಡ. ಅವನ ದೊಡ್ಡ ಮಗಳ ಹಣೆ ಬರೆದವಳು ಇವಳೇ. ಚಹಾ ಬಂತು, ಬಾಳೆಹಣ್ಣಿನ ಬಜ್ಜಿ ಬಂತು. ಅವನು ಮಾತಾಡಿದ್ದು ಅರಮನೆಯ ಮೇಲ್ಮಾತಿನಲ್ಲಿ, ಮರ್ಯಾದೆ ಕೊಡಬೇಕಾದವರ ಎದುರು ಮಾತ್ರ ಆಡುವ ಜಾವಾ ನುಡಿಯಲ್ಲಿ. ಆ ಮಾತಿನಲ್ಲಿ ಬೈಗುಳವೇ ಇಲ್ಲ. ಅದರಲ್ಲಿ ಜಗಳ ಆಡಹೊರಟರೆ ಬೆಣ್ಣೆಯ ಮೇಲೆ ಕಾಲೂರಿ ಕುಸ್ತಿ ಹಿಡಿದ ಹಾಗೆ.

"ಆ ಹುಡುಗಿ ತಾನೇ ಬೇಡ ಅಂದ್ಲು ಬು. ಎಲ್ಲಾರೂ ಕೇಳಿಸ್ಕೊಂಡಿದಾರೆ. ನಾನು ಬಲವಂತ ಮಾಡೋಕಾಗುತ್ತಾ?"

"ತಾವು ಒಂದೇ ಸಲ ಕೇಳಿದ್ರಂತೆ."

"ಎಷ್ಟು ಸಲ ಕೇಳ್ಬೇಕಿತ್ತು?"

"ತಮ್ಮ ಮಗಳ ಮದುವೆಗೆ ನನ್ನನ್ನ ಎಷ್ಟು ಸಲ ಕೇಳಿದ್ರಿ ಪಾಕ್?"

ಅವನು ನಕ್ಕ. ಹಾಲು ಕುಡಿದ ಬೆಕ್ಕಿನ ನಗು. "ಅದು ಮದುವೆ ಮನೆ. ಇದು ಅಂತರರಾಷ್ಟ್ರೀಯ ಮಟ್ಟ ಬು. ಅಲ್ಲಿ ಧೈರ್ಯ ಬೇಕು. ಸಿದ್ಧಾನಾ ಅಂದ್ರೆ ಸಿದ್ಧ ಅನ್ಬೇಕು. ಅಷ್ಟೂ ಹೇಳಕ್ಕಾಗದ ಹುಡುಗಿ ಅಲ್ಲಿ ಏನು ಬಿಲ್ಲು ಎಳೀತಾಳೆ?"

"ಹಾಗಾದ್ರೆ ಅಂಕ ತೋರ್ಸಿ. ಯಾರು ಏನು ಎಳೆದ್ರು ಅಂತ ಎಲ್ಲಾರಿಗೂ ಕಾಣೋ ಹಾಗೆ ಗೋಡೆಗೆ ಹಾಕಿ."

"ಅದು ಸಮಿತಿ ಒಳಗಿನ ವಿಷಯ. ಬರೀ ಅಂಕ ನೋಡಿ ಆರಿಸಲ್ಲ, ಮನೋಬಲ ನೋಡ್ತೀವಿ, ನಡವಳಿಕೆ ನೋಡ್ತೀವಿ. ಚಹಾ ಆರ್ತಾ ಇದೆ, ತಗೊಳ್ಳಿ ಬು."

ನಡವಳಿಕೆ! ಹುಡುಗಿಯ ಒಳ್ಳೆಯ ನಡವಳಿಕೆಯನ್ನೇ ಹಗ್ಗ ಮಾಡಿ ಅವಳ ಕೈಕಟ್ಟಿ, ಈಗ ನಡವಳಿಕೆ ನೋಡುತ್ತೇವೆ ಎನ್ನುತ್ತಾನೆ. ಅವನೇನು ಹೊರಗಿನವನೇ, ತಿಳಿಯದೆ ಮಾಡಿದ ಎನ್ನಲು? ಇದೇ ಮಣ್ಣಿನವನು. ಎರಡು ಸಲ ಬೇಡ ಎನ್ನುತ್ತ ಬೆಳೆದವನು. ಹುಡುಗಿಯ ಬಾಯಿಂದ ಯಾವ ಮಾತು ಬರುತ್ತದೆಂದು ಬಾಯಿ ತೆರೆಯುವ ಮೊದಲೇ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದ, ಗೊತ್ತಿದ್ದೇ ಒಂದು ಸಲಕ್ಕೆ ನಿಲ್ಲಿಸಿದ. ಬು ವಾರ್ಸಿ ಮೇಲ್ಮಾತಿನಲ್ಲೇ ಹೇಳಬೇಕಾದ ವಂದನೆ ಹೇಳಿ, ಬೆನ್ನು ಬಗ್ಗಿಸಿಕೊಂಡು ಹೊರಗೆ ಬಂದಳು. ರಸ್ತೆಗೆ ಬಂದ ಮೇಲೆ ಸಂತೆಯ ಕೆಳಮಾತಿನಲ್ಲಿ ಅವಳು ಆಡಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಸೈಕಲ್ ರಿಕ್ಷಾದವನು ಮಾತ್ರ ಕೇಳಿಸಿಕೊಂಡು, ಬಾಡಿಗೆಯ ಮಾತೇ ಎತ್ತದೆ ಅವಳನ್ನು ನಿಲ್ದಾಣಕ್ಕೆ ಬಿಟ್ಟ.

ಹನೋಯ್‌ಗೆ ಹೆಸರು ಕಳಿಸುವ ಹಿಂದಿನ ದಿನವೇ ಸಂಘದ ಮಹಾಸಭೆ ಬಿತ್ತು. ಊರೂರಿನ ಬಿಲ್ಲಿನ ಕೂಟದವರು ಬಂದಿದ್ದರು. ಕ್ಲಾತೆನ್ ಪರವಾಗಿ ಬು ವಾರ್ಸಿ ಹೋಗಬೇಕಿತ್ತು. ಕಿನಾಸಿಹ್ ಬರುವುದಿಲ್ಲ ಎಂದಳು. "ಬಾ ಅಂದ್ರೆ ಬಾ. ನನಗೆ ಚೀಲ ಹಿಡಿಯೋರು ಬೇಕು" ಎಂದು ಎಳೆದುಕೊಂಡೇ ಹೋದಳು. ಸಭೆಯಲ್ಲಿ ಎದ್ದು ನಿಂತು ಕೇಳಬೇಕು ಎಂದಷ್ಟೇ ಅವಳ ಮನಸ್ಸಿನಲ್ಲಿತ್ತು. ಎರಡು ಸಲ ಕೈ ಎತ್ತಿದಳು. "ಆಮೇಲೆ, ಆಮೇಲೆ, ಸಮಯ ಇದ್ರೆ" ಎಂದು ಕಾರ್ಯದರ್ಶಿ ಕೂರಿಸಿದ. ಮುಂದಿನ ಅವಧಿಗೆ ಅಧ್ಯಕ್ಷರನ್ನು ಆರಿಸುವ ಕಲಾಪ ಬಂತು.

ಇಲ್ಲಿ ಮತ ಹಾಕುವ ಪದ್ಧತಿಯಿಲ್ಲ. ಎಲ್ಲರೂ ಕೂಡಿ ಒಪ್ಪುವುದು. ಸಂಘಕ್ಕೆ ಹಿರಿಯನಾದ ಸಸ್ತ್ರೊ ಅಜ್ಜ ಕೋಲೂರಿ ಎದ್ದ. ಹಳೆಯ ಬಿಲ್ಲುಗಾರ, ಕಿವಿ ಮಂದ, ಯಾರ ಪಕ್ಷವೂ ಅಲ್ಲ.

"ಪಾಕ್ ವಿರ್ಯಾವನ್ ಅವರೇ ಮುಂದುವರೀಬೇಕು ಅಂತ ನಮ್ಮೆಲ್ಲರ ಆಸೆ" ಎಂದ.

ಪಾಕ್ ವಿರ್ಯಾವನ್ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡ. ತಲೆ ಬಾಗಿಸಿದ. ದನಿಯನ್ನು ಎಷ್ಟು ತಗ್ಗಿಸಬೇಕೋ ಅಷ್ಟು ತಗ್ಗಿಸಿ, "ನಾನೆಲ್ಲಿ ಯೋಗ್ಯ ಅಜ್ಜಾ? ನನಗಿಂತ ಯೋಗ್ಯರು ಈ ಸಭೇಲಿ ತುಂಬ ಜನ ಇದಾರೆ. ಬೇರೆಯವರಿಗೆ ಬಿಟ್ಟುಕೊಡ್ತೀನಿ" ಎಂದ.

ಸಸ್ತ್ರೊ ಅಜ್ಜ ಎರಡನೆಯ ಸಲ ಕೇಳಲು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಜೋರಾಗಿ ಚಪ್ಪಾಳೆ ತಟ್ಟುವುದು ಕೇಳಿಸಿತು.

"ಆಹಾ!" ಎಂದಳು ಬು ವಾರ್ಸಿ, ಎದ್ದು ನಿಂತು. "ಎಷ್ಟು ದೊಡ್ಡ ಮನಸ್ಸು! ಕೇಳಿದ್ರಾ? ಎಲ್ಲಾರೂ ಚಪ್ಪಾಳೆ ತಟ್ಟಿ! ಪಾಕ್ ತಾವಾಗೇ ಹಿಂದೆ ಸರಿದ್ರು. ಕಾರ್ಯದರ್ಶಿಗಳೇ, ಬರ್ಕೊಳ್ಳಿ. ಬೇರೆ ಯಾರು ಅಂತ ನೋಡಿ."

ಅರ್ಥವಾಗದ ಕೆಲವರು ನಿಜವಾಗಿಯೂ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿಯ ಪೆನ್ನು ಗಾಳಿಯಲ್ಲೇ ನಿಂತಿತು. ಪಾಕ್ ವಿರ್ಯಾವನ್‌ನ ಕೈ ಎದೆಯ ಮೇಲೇ ಉಳಿದುಹೋಯಿತು, ಇಳಿಸುವುದೋ ಬಿಡುವುದೋ ಅವನಿಗೆ ತಿಳಿಯಲಿಲ್ಲ.

"ಬು, ಬು, ತಮಾಷೆ ಸಾಕು" ಎಂದ. "ಅಜ್ಜ ಇನ್ನೂ ಕೇಳೋರಿದ್ರು."

"ಯಾಕೆ ಇನ್ನೊಂದು ಸಲ ಕೇಳ್ಬೇಕು? ತಾವು ಬೇಡ ಅಂದ್ರಿ. ಎಲ್ಲಾರೂ ಕೇಳಿಸ್ಕೊಂಡಿದಾರೆ. ಬಲವಂತ ಮಾಡೋಕಾಗುತ್ತಾ?"

"ಅಯ್ಯೋ, ಅದು ಮರ್ಯಾದೆಗೆ ಹೇಳೋ ಮಾತು! ಯಾರಿಗೆ ಗೊತ್ತಿಲ್ಲ ಇದು? ಚಿಕ್ಕ ಮಗೂಗೂ ಗೊತ್ತು!"

"ಹೌದು" ಎಂದಳು ಬು ವಾರ್ಸಿ. "ಇವಳಿಗೂ ಗೊತ್ತಿತ್ತು." ಪಕ್ಕದಲ್ಲಿ ಚೀಲ ತಬ್ಬಿಕೊಂಡು, ಭೂಮಿ ಬಾಯಿ ಬಿಡಬಾರದೇ ಎಂಬಂತೆ ಕೂತಿದ್ದ ಹುಡುಗಿಯ ಹೆಗಲ ಮೇಲೆ ಕೈಯಿಟ್ಟಳು. "ತಮಗೂ ಗೊತ್ತಿತ್ತು. ತಾವು ಹೇಳಿದ್ರೆ ಮರ್ಯಾದೆ, ತೆಂಪೆ ಮಾರೋಳ ಮಗಳು ಹೇಳಿದ್ರೆ ರಾಜೀನಾಮೆ! ಅಲ್ವಾ ಪಾಕ್? ನಾನು ಈ ಮಕ್ಕಳಿಗೆ ಏನು ಕಲಿಸ್ಲಿ? ದೊಡ್ಡೋರು ಕೊಟ್ರೆ ಬಾಚ್ಕೊಳ್ಳಿ, ಇಲ್ಲಾಂದ್ರೆ ದೊಡ್ಡೋರೇ ಕಿತ್ಕೊಳ್ತಾರೆ ಅಂತ ಕಲಿಸ್ಲಾ?"

ಬೊಯೊಲಾಲಿಯ ಕೂಟದವನೊಬ್ಬ ಕೂತಲ್ಲಿಂದಲೇ, "ಅಂಕ ಓದಿ" ಎಂದ. ಮತ್ತೊಬ್ಬ, "ಹೌದು, ಓದ್ಲಿ" ಎಂದ. ಗೊಣಗು ಗದ್ದಲವಾಯಿತು. ಬೇರೆ ದಾರಿ ಕಾಣದೆ ಕಾರ್ಯದರ್ಶಿ ಕಪಾಟಿನಿಂದ ಅಂಕದ ಹಾಳೆ ತಂದು ಓದಿದ. ಎಲ್ಲ ಹುಡುಗಿಯರಿಗೂ ಮೊದಲೇ ಗೊತ್ತಿದ್ದದ್ದೇ ಬಂತು. ಸಸ್ತ್ರೊ ಅಜ್ಜ ಪಕ್ಕದವನಿಂದ ಎರಡೆರಡು ಸಲ ಕಿವಿಯಲ್ಲಿ ಹೇಳಿಸಿಕೊಂಡು, ಕೋಲನ್ನು ನೆಲಕ್ಕೆ ಕುಟ್ಟಿದ.

"ಆ ಮಗೂನ ಕೇಳೋದು ಇನ್ನೂ ಮುಗಿದಿಲ್ಲ. ಎರಡನೇ ಸಲ ಕೇಳು, ವಿರ್ಯಾವನ್. ಇಲ್ಲೇ, ಎಲ್ಲಾರ ಮುಂದೆ."

ಪಾಕ್ ವಿರ್ಯಾವನ್ ಮುಖ ಹುಳಿ ಹಿಂಡಿದ ಹಾಗಾಗಿತ್ತು. ಆದರೂ ಕೇಳಿದ. "ಹನೋಯ್‌ಗೆ ಹೋಗ್ತೀಯಾ?"

ಬು ವಾರ್ಸಿಯ ಜೀವ ಬಾಯಿಗೆ ಬಂತು. ಎರಡು ಸಲ ಬೇಡ ಎನ್ನಬೇಕೆಂದು ಕಲಿಸಿದ್ದಳಲ್ಲ! ಇದು ಎರಡನೆಯ ಸಲ. ಈ ಹುಡುಗಿ ಈಗ ಮತ್ತೆ ಬೇಡ ಎಂದರೆ, ಮೂರನೆಯದನ್ನು ಕೇಳುವ ಮೊದಲೇ ಈ ಮನುಷ್ಯ ಚಪ್ಪಾಳೆ ತಟ್ಟಿಬಿಟ್ಟಾನು. ಕಿವಿಯಲ್ಲಿ ಹೇಳಿಕೊಡೋಣವೆಂದರೆ ಸಭೆಯೆಲ್ಲ ಇತ್ತಲೇ ನೋಡುತ್ತಿದೆ.

ಕಿನಾಸಿಹ್ ಚೀಲವನ್ನು ಕುರ್ಚಿಯ ಮೇಲಿಟ್ಟು ಎದ್ದಳು. ಕೈ ಕಟ್ಟಲಿಲ್ಲ. ತಲೆಯನ್ನೂ ತಗ್ಗಿಸಲಿಲ್ಲ. ಬಿಲ್ಲು ಎಳೆದಾಗಿನ ಮುಖ ಅದು.

"ಹೋಗ್ತೀನಿ" ಎಂದಳು. "ಅದು ನನ್ನ ಜಾಗ. ಬಾಣ ಬಿಟ್ಟು ಗೆದ್ದಿದ್ದು. ಇನ್ನೊಂದು ಸಲ ಕೇಳ್ಬೇಡಿ."

ಯಾರೋ ಹೆಂಗಸು ಲೊಚಗುಟ್ಟಿದಳು. "ಅಬ್ಬಾ, ಏನು ಹುಡುಗಿಯಪ್ಪಾ" ಎಂಬ ಮಾತು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹರಿದು ಹೋಯಿತು. ಕಾರ್ಯದರ್ಶಿ ಲಾರಾಸ್‌ಳ ಹೆಸರು ಹೊಡೆದು ಕಿನಾಸಿಹ್‌ಳ ಹೆಸರು ಬರೆದ. ಅದಾದ ಮೇಲೆ ಸಭೆ ಮುಂದುವರಿಯಿತು. ಸಸ್ತ್ರೊ ಅಜ್ಜ ಪಾಕ್ ವಿರ್ಯಾವನ್‌ನನ್ನು ಎರಡನೆಯ ಸಲ ಕೇಳಿದ, ಮೂರನೆಯ ಸಲವೂ ಕೇಳಿದ. ಅವನು ತಲೆ ಬಗ್ಗಿಸಿ ಒಪ್ಪಿಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಷ್ಟಾದ ಮೇಲೂ ಅವನೇ ಅಧ್ಯಕ್ಷ! ಬು ವಾರ್ಸಿ ಮಾತ್ರ ಕೈ ಕಟ್ಟಿಕೊಂಡು ಕೂತಿದ್ದಳು.

ಸುದ್ದಿ ಅವರ ಬಸ್ಸಿಗಿಂತ ಮೊದಲೇ ಊರು ಮುಟ್ಟಿತ್ತು. ನಿಲ್ದಾಣದ ಚಹಾದಂಗಡಿಯಲ್ಲಿ ಮೊನ್ನೆ ಹುಡುಗಿಯನ್ನು ಬಾಯ್ತುಂಬ ಹೊಗಳಿದ್ದ ಹಳ್ಳಿಯ ಮುಖ್ಯಸ್ಥ ಕೂತಿದ್ದ. ಇವರನ್ನು ಕಂಡೂ ಕಾಣದವನ ಹಾಗೆ ಲೋಟದೊಳಗೆ ನೋಡಿಕೊಂಡ. ಅವನ ಹಿಂದಿನಿಂದ ಯಾರೋ, "ಸೊಕ್ಕು ಬಂತು" ಎಂದದ್ದು ಇಬ್ಬರಿಗೂ ಕೇಳಿಸಿತು. ಕಿನಾಸಿಹ್ ಅಭ್ಯಾಸಬಲದಿಂದ ಬೆನ್ನು ಬಗ್ಗಿಸಿಕೊಂಡೇ ಅಂಗಡಿಯ ಮುಂದೆ ಹಾದುಹೋದಳು. ತಿರುವಿನಲ್ಲಿ ನಿಂತು ಕೇಳಿದಳು.

"ಬು, ನಾನು ತುಂಬ ಒರಟಾಗಿ ಮಾತಾಡಿಬಿಟ್ನಾ?"

ಅಲ್ಲ ಎಂದು ಹೇಳಿಬಿಡಬಹುದಿತ್ತು. ಆದರೆ ಬು ವಾರ್ಸಿ ಮಕ್ಕಳಿಗೆ ಸುಳ್ಳು ಹೇಳುವವಳಲ್ಲ. ತಾನು ವರ್ಷಗಟ್ಟಲೆ ತಿದ್ದಿ ಬೆಳೆಸಿದ ಒಂದು ಒಳ್ಳೆಯ ನುಡಿಯನ್ನು ಈ ಹುಡುಗಿ ಎಲ್ಲರ ಮುಂದೆ ಕಿತ್ತೆಸೆಯಬೇಕಾಯಿತಲ್ಲ ಎಂಬ ಸಂಕಟ ಅವಳನ್ನು ಬಿಟ್ಟಿರಲಿಲ್ಲ.

"ಹೌದು ಮಗಾ, ಒರಟಾಗೇ ಮಾತಾಡ್ದೆ" ಎಂದಳು. "ವಿಮಾನ ನೆಲ ಬಿಡೋ ತನಕ ಹೀಗೇ ಮಾತಾಡ್ತಿರು. ಆ ಸಂಘದೋರು ಇನ್ನೂ ಎಲ್ಲಿ, ಏನು ಕೇಳ್ತಾರೋ ಗೊತ್ತಿಲ್ಲ."